ಟಸ್ಕೀಗೀಯ ಮೇಷ್ಟ್ರು ಬುಕರ್ ಟಿ. ವಾಷಿಂಗ್ಟನ್

ಫೆಬ್ರವರಿ ತಿಂಗಳು ಬಂತೆಂದರೆ ಈ ದೇಶದ ಶಾಲೆಗಳಲ್ಲಿ ಕಪ್ಪು ಜನಾಂಗದ ಹಿರಿಯರನ್ನು ನೆನೆಯುವ ಪದ್ಧತಿಯಿದೆ. ನಮ್ಮ ಮಕ್ಕಳೂ ಒಂದೊಂದು ಹೆಸರು ಹಿಡಿದುಕೊಂಡು ಮನೆಗೆ ಬರುತ್ತಾರೆ. ಪೋಸ್ಟರ್ ಬೋರ್ಡು, ಅಂಟು, ಬಣ್ಣದ ಪೆನ್ನುಗಳ ನಡುವೆ ಊಟದ ಮೇಜು ಎರಡು ದಿನ ಅವರ ವಶವಾಗುತ್ತದೆ. ನಮ್ಮ ಮನೆಗೆ ಹಾಗೆ ಬಂದ ಹೆಸರು ಬುಕರ್ ಟಿ. ವಾಷಿಂಗ್ಟನ್. ಮಗಳಿಗೆ ಸಹಾಯ ಮಾಡಲೆಂದು ಕುಳಿತವನು ಅವಳ ಪೋಸ್ಟರು ಮುಗಿದ ಮೇಲೂ ಪುಸ್ತಕ ಕೆಳಗಿಡಲಿಲ್ಲ. ಕೂಟದ ವಾರ್ಷಿಕೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನಗೆ ಹೊಳೆದದ್ದೂ ಅವರೇ. ಒಂದು ಸಣ್ಣ ಊರಿನಲ್ಲಿ ಏನೂ ಇಲ್ಲದ ಜಾಗದಲ್ಲಿ ಒಂದು ಸಂಸ್ಥೆ ಹೇಗೆ ಎದ್ದಿತು ಎಂಬ ಕಥೆ, ಕೂಟ ಕಟ್ಟಿ ಗೊತ್ತಿರುವ ನಮ್ಮ ಓದುಗರಿಗೆ ರುಚಿಸೀತು ಎಂದುಕೊಂಡಿದ್ದೇನೆ.

ಆ ಊರು ಟಸ್ಕೀಗೀ. ಅಲಬಾಮಾ ರಾಜ್ಯದಲ್ಲಿ ಮಾಂಟ್‌ಗಮರಿಯಿಂದ ಪೂರ್ವಕ್ಕೆ ಮುಕ್ಕಾಲು ಗಂಟೆಯ ಹಾದಿ. ಮೇಕನ್ ಕೌಂಟಿಯ ಮುಖ್ಯಪಟ್ಟಣ. ಹತ್ತಿ ಬೆಳೆಯುವ ಸೀಮೆ. 2020ರ ಜನಗಣತಿಯಲ್ಲೂ ಅಲ್ಲಿದ್ದವರು ಹತ್ತು ಸಾವಿರಕ್ಕಿಂತ ಕಡಿಮೆ. ಅಟ್ಲಾಂಟಾದಿಂದ ಮಾಂಟ್‌ಗಮರಿಗೆ ಹೋಗುವ ಹೆದ್ದಾರಿಯಲ್ಲಿ ನಮ್ಮವರು ಎಷ್ಟೋ ಜನ ಆ ಫಲಕವನ್ನು ನೋಡಿಯೂ ನಿಲ್ಲದೆ ಮುಂದೆ ಹೋಗಿರಬಹುದು. ನಾನೂ ಹಾಗೆಯೇ ಹೋಗಿದ್ದವನು.

1880ರಲ್ಲಿ ಆ ಊರಿನಲ್ಲಿ ಲೂಯಿಸ್ ಆಡಮ್ಸ್ ಎಂಬ ಕಸುಬುದಾರ ಇದ್ದರು. ಗುಲಾಮರಾಗಿ ಹುಟ್ಟಿದವರು. ತಗಡಿನ ಕೆಲಸ, ಚಪ್ಪಲಿ ಹೊಲಿಗೆ, ಕುದುರೆಗೆ ಜೀನು-ಲಗಾಮು ಮಾಡುವುದು, ಮೂರರಲ್ಲೂ ಅವರ ಕೈ ಪಳಗಿತ್ತು. ಕಪ್ಪು ಜನರ ನಡುವೆ ಅವರ ಮಾತಿಗೆ ಬೆಲೆಯಿತ್ತು. ಆಗ ಕಪ್ಪು ಗಂಡಸರಿಗೆ ಓಟು ಇನ್ನೂ ಉಳಿದಿತ್ತು. ರಾಜ್ಯದ ಸೆನೆಟ್ಟಿಗೆ ನಿಂತಿದ್ದ ಫಾಸ್ಟರ್ ಎಂಬ ಬಿಳಿಯ ಅಭ್ಯರ್ಥಿ ಓಟು ಕೇಳಿಕೊಂಡು ಅವರ ಬಳಿ ಬಂದರು. ಆಡಮ್ಸ್ ತಮಗಾಗಿ ಏನನ್ನೂ ಕೇಳಲಿಲ್ಲ. ನಮ್ಮ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರುಗಳನ್ನು ತಯಾರು ಮಾಡುವ ಒಂದು ಶಾಲೆ ಬೇಕು ಎಂದರು. ಫಾಸ್ಟರ್ ಗೆದ್ದರು, ಮಾತನ್ನೂ ಉಳಿಸಿಕೊಂಡರು. 1881ರ ಫೆಬ್ರವರಿಯಲ್ಲಿ ಅಲಬಾಮಾ ಶಾಸನಸಭೆ ವರ್ಷಕ್ಕೆ 2,000 ಡಾಲರ್ ಮಂಜೂರು ಮಾಡಿತು. ಆದರೆ ಅದು ಮೇಷ್ಟ್ರುಗಳ ಸಂಬಳಕ್ಕೆ ಮಾತ್ರ. ಜಮೀನಿಗೆ ಒಂದು ಕಾಸಿಲ್ಲ, ಕಟ್ಟಡಕ್ಕೆ ಒಂದು ಕಾಸಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ, ಶಾಲೆಯಿಲ್ಲದ ಊರಿಗೆ ಮೇಷ್ಟ್ರ ಸಂಬಳ ಬಂದಿತ್ತು. ಊರಿನ ಬ್ಯಾಂಕರ್, ಹಿಂದೆ ಗುಲಾಮರನ್ನು ಇಟ್ಟುಕೊಂಡಿದ್ದ ಜಾರ್ಜ್ ಕ್ಯಾಂಬೆಲ್, ವರ್ಜೀನಿಯಾದ ಹ್ಯಾಂಪ್ಟನ್ ಶಾಲೆಗೆ ಬರೆದು ಒಬ್ಬ ಯೋಗ್ಯ ಬಿಳಿಯ ಮುಖ್ಯೋಪಾಧ್ಯಾಯರನ್ನು ಕೇಳಿದರು. ಹ್ಯಾಂಪ್ಟನ್ನಿನ ಮುಖ್ಯಸ್ಥ ಜನರಲ್ ಆರ್ಮ್‌ಸ್ಟ್ರಾಂಗ್, ಬಿಳಿಯರು ಯಾರೂ ಇಲ್ಲ, ಒಬ್ಬ ಕಪ್ಪು ಯುವಕನಿದ್ದಾನೆ, ಒಪ್ಪಿಗೆಯೇ ಎಂದು ಉತ್ತರಿಸಿದರು. ಒಪ್ಪಿಗೆಯ ತಂತಿ ಬಂತು. ಆ ಯುವಕನಿಗೆ ಆಗ 25 ವರ್ಷ.

ಅವನು ಅಲ್ಲಿಯವರೆಗೆ ನಡೆದು ಬಂದ ದಾರಿ ಸಣ್ಣದಲ್ಲ. ವರ್ಜೀನಿಯಾದ ಫ್ರಾಂಕ್ಲಿನ್ ಕೌಂಟಿಯಲ್ಲಿ ಬರೋಸ್ ಎಂಬ ರೈತರ ಹೊಗೆಸೊಪ್ಪಿನ ತೋಟದಲ್ಲಿ 1856ರಲ್ಲಿ ಹುಟ್ಟಿದ. ತಾಯಿ ಜೇನ್ ಆ ಮನೆಯ ಅಡುಗೆಯವಳು. ತಂದೆ ಯಾರೋ ಬಿಳಿಯ. ಯಾರೆಂದು ಬುಕರ್‌ಗೆ ಕೊನೆಯವರೆಗೂ ತಿಳಿಯಲಿಲ್ಲ. ಇದ್ದದ್ದು ಹದಿನಾರಡಿ ಉದ್ದ, ಹದಿನಾಲ್ಕಡಿ ಅಗಲದ ಮರದ ಗುಡಿಸಲು. ಅದೇ ತೋಟದ ಅಡುಗೆಮನೆ ಕೂಡ. ಮಣ್ಣಿನ ನೆಲ, ನಡುವೆ ಚಳಿಗಾಲಕ್ಕೆಂದು ಗೆಣಸು ಹೂತಿಡುವ ಗುಂಡಿ. ಮಕ್ಕಳಿಗೆ ಹಾಸಿಗೆಯೆಂಬುದಿಲ್ಲ, ಚಿಂದಿಯ ಮೇಲೆ ನಿದ್ದೆ. 1861ರಲ್ಲಿ ಯಜಮಾನರು ತೀರಿಕೊಂಡಾಗ ಆಸ್ತಿಯ ಪಟ್ಟಿ ಮಾಡಿದರು. ದನ, ಕುದುರೆ, ನೇಗಿಲುಗಳ ಜೊತೆ ಈ ಹುಡುಗನ ಹೆಸರೂ ಇತ್ತು, ಬೆಲೆ 400 ಡಾಲರ್. ಯಜಮಾನರ ಮಗಳು ಶಾಲೆಗೆ ಹೋಗುವಾಗ ಪುಸ್ತಕ ಹೊತ್ತುಕೊಂಡು ಬಾಗಿಲವರೆಗೆ ಹೋಗುವುದು ಅವನ ಕೆಲಸವಾಗಿತ್ತು. ಒಳಗೆ ಕಾಲಿಡುವಂತಿರಲಿಲ್ಲ. ಗುಲಾಮರಿಗೆ ಅಕ್ಷರ ಕಲಿಸುವುದು ದಕ್ಷಿಣದ ಅನೇಕ ರಾಜ್ಯಗಳಲ್ಲಿ ಶಿಕ್ಷಾರ್ಹ ಅಪರಾಧವಾಗಿತ್ತು.

1865ರಲ್ಲಿ ಯುದ್ಧ ಮುಗಿದು ಬಿಡುಗಡೆಯಾಯಿತು. ತಾಯಿ ಮಕ್ಕಳನ್ನು ಕರೆದುಕೊಂಡು ನೂರಾರು ಮೈಲಿ, ಹೆಚ್ಚು ದೂರ ನಡೆದೇ, ಪಶ್ಚಿಮ ವರ್ಜೀನಿಯಾದ ಮಾಲ್ಡನ್ ಎಂಬ ಊರಿಗೆ ಬಂದಳು. ಮಲತಂದೆ ಅಲ್ಲಿ ಉಪ್ಪು ಕಾಯಿಸುವ ಭಟ್ಟಿಯಲ್ಲಿ ಕೂಲಿಯಾಗಿದ್ದ. ಹುಡುಗರಿಗೂ ಅಲ್ಲೇ ಕೆಲಸ ಹಚ್ಚಿದ. ಮಲತಂದೆಯ ಪೀಪಾಯಿಗಳಿಗೆ ಗುರುತಾಗಿ 18 ಎಂದು ಬರೆಯುತ್ತಿದ್ದರು; ಬುಕರ್ ಕಲಿತ ಮೊದಲ ಬರಹ ಆ ಅಂಕಿಯೇ. ತಾಯಿ, ತನಗೆ ಅಕ್ಷರ ಬಾರದಿದ್ದರೂ, ಎಲ್ಲಿಂದಲೋ ಒಂದು ಹಳೆಯ ನೀಲಿ ರಟ್ಟಿನ ಕಾಗುಣಿತದ ಪುಸ್ತಕ ತಂದುಕೊಟ್ಟಳು. ಊರಿನಲ್ಲಿ ಕಪ್ಪು ಮಕ್ಕಳ ಶಾಲೆ ಆರಂಭವಾದಾಗ ಮಲತಂದೆ ಕೂಲಿ ಬಿಡಲು ಒಪ್ಪಲಿಲ್ಲ. ಬೆಳಗಿನ ಜಾವದಿಂದ ಒಂಬತ್ತರವರೆಗೆ ಭಟ್ಟಿಯಲ್ಲಿ ದುಡಿದು ಆಮೇಲೆ ಶಾಲೆಗೆ ಹೋಗಬಹುದು ಎಂದು ರಾಜಿಯಾಯಿತು. ಶಾಲೆ ಆರಂಭವಾಗುವುದೂ ಒಂಬತ್ತಕ್ಕೇ, ದಾರಿಯೋ ದೂರ. ಹುಡುಗ ಭಟ್ಟಿಯ ಆಫೀಸಿನ ಗಡಿಯಾರದ ಮುಳ್ಳನ್ನು ದಿನಾ ಎಂಟೂವರೆಯಿಂದ ಒಂಬತ್ತಕ್ಕೆ ತಿರುಗಿಸತೊಡಗಿದ. ಕೊನೆಗೆ ಮೇಲ್ವಿಚಾರಕ ಗಡಿಯಾರವನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ. ಈ ಕಳ್ಳತನವನ್ನು ವಾಷಿಂಗ್ಟನ್ ತಮ್ಮ ಆತ್ಮಕಥೆಯಲ್ಲಿ ತಾವೇ ಬರೆದುಕೊಂಡಿದ್ದಾರೆ. ನನ್ನ ಮಗಳ ಪೋಸ್ಟರಿನಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರ ಆ ಗಡಿಯಾರದ್ದೇ ಆಗಿತ್ತು. ಶಾಲೆಯಲ್ಲಿ ಹಾಜರಿ ಕರೆಯುವಾಗ ಎಲ್ಲರಿಗೂ ಎರಡೆರಡು ಹೆಸರಿರುವುದನ್ನು ಕಂಡು, ತನ್ನ ಸರದಿ ಬಂದಾಗ ವಾಷಿಂಗ್ಟನ್ ಎಂದು ಹೇಳಿಬಿಟ್ಟ. ಮಲತಂದೆಯ ಮೊದಲ ಹೆಸರು ಅದು.

ಭಟ್ಟಿಯ ಮೇಲೆ ಕಲ್ಲಿದ್ದಲು ಗಣಿ. ಅಲ್ಲಿಂದ ಗಣಿಯ ಮಾಲೀಕರಾದ ಜನರಲ್ ರಫ್ನರ್ ಅವರ ಮನೆಗೆಲಸ. ಆ ಮನೆಯೊಡತಿ ಬಹಳ ಖಂಡಿತವಾದಿ. ಯಾವ ಹುಡುಗನೂ ಅವರಲ್ಲಿ ನಿಲ್ಲುತ್ತಿರಲಿಲ್ಲ. ಬುಕರ್ ನಿಂತ. ಅಂಗಳ ಗುಡಿಸಿದರೆ ಮೂಲೆಯಲ್ಲಿ ಒಂದು ಕಡ್ಡಿ ಉಳಿಯಬಾರದು, ಬೇಲಿಯ ಹಲಗೆ ಸಡಿಲವಾದರೆ ಅಂದೇ ಮೊಳೆ ಹೊಡೆಯಬೇಕು ಎಂಬುದನ್ನು ಆಕೆಯಿಂದ ಕಲಿತ. ಆಕೆ ದಿನಕ್ಕೊಂದು ಗಂಟೆ ಶಾಲೆಗೂ ಬಿಟ್ಟರು.

ದೂರದ ಹ್ಯಾಂಪ್ಟನ್ನಿನಲ್ಲಿ ಕಪ್ಪು ಹುಡುಗರು ದುಡಿದುಕೊಂಡೇ ಓದಬಹುದಾದ ಶಾಲೆಯಿದೆ ಎಂಬುದು ಗಣಿಯೊಳಗೆ ಇಬ್ಬರು ಮಾತಾಡಿಕೊಳ್ಳುವಾಗ ಕಿವಿಗೆ ಬಿದ್ದಿತ್ತು. 1872ರಲ್ಲಿ ಹೊರಟ. ಹೆಚ್ಚುಕಡಿಮೆ 500 ಮೈಲಿ. ರಿಚ್ಮಂಡ್ ತಲಪುವಷ್ಟರಲ್ಲಿ ಕೈ ಬರಿದು. ಮರದ ಹಲಗೆ ಹಾಸಿದ ಕಾಲುದಾರಿಯ ಕೆಳಗೆ ನುಸುಳಿ ರಾತ್ರಿ ಕಳೆದ. ಹಗಲು ಹಡಗಿನಿಂದ ಕಬ್ಬಿಣ ಇಳಿಸುವ ಕೂಲಿ, ರಾತ್ರಿ ಮತ್ತೆ ಅದೇ ಹಲಗೆಯ ಅಡಿ. ಹ್ಯಾಂಪ್ಟನ್ ಮುಟ್ಟಿದಾಗ ಜೇಬಿನಲ್ಲಿ 50 ಸೆಂಟು. ಕೊಳಕು ಬಟ್ಟೆಯ ಹುಡುಗನನ್ನು ಕಂಡು ಮುಖ್ಯ ಶಿಕ್ಷಕಿ ಮಿಸ್ ಮೆಕಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕೆಲವು ಗಂಟೆ ಕಾಯಿಸಿ, ಪಕ್ಕದ ಕೋಣೆ ಗುಡಿಸು ಎಂದರು. ರಫ್ನರ್ ಮನೆಯಲ್ಲಿ ಪಳಗಿದ ಕೈ. ಮೂರು ಸಲ ಗುಡಿಸಿ ನಾಲ್ಕು ಸಲ ಒರೆಸಿದ. ಶಿಕ್ಷಕಿ ಕರವಸ್ತ್ರದಿಂದ ಮೇಜು ಬೆಂಚುಗಳನ್ನು ಉಜ್ಜಿ ನೋಡಿದರು, ಧೂಳು ಸಿಗಲಿಲ್ಲ. ಅದೇ ಅವನ ಪ್ರವೇಶ ಪರೀಕ್ಷೆ. ನಮ್ಮ ಕಾಲದ ಪಿ.ಯು.ಸಿ. ಅಂಕಗಳ ಲೆಕ್ಕ, ಸೀಟಿಗಾಗಿ ಕಾದ ಬೇಸಿಗೆ ಇವೆಲ್ಲ ನೆನಪಾಗಿ ನನಗೆ ಸ್ವಲ್ಪ ನಾಚಿಕೆಯಾಯಿತು.

ಹ್ಯಾಂಪ್ಟನ್ನಿನಲ್ಲಿ ಜಾಡಮಾಲಿಯ ಕೆಲಸ ಮಾಡಿಕೊಂಡು ಓದಿದ. ಹಾಸಿಗೆಯ ಮೇಲೆ ಎರಡು ಬಿಳಿಯ ಹೊದಿಕೆಗಳನ್ನು ಮೊದಲು ಕಂಡದ್ದು ಅಲ್ಲೇ. ಮೊದಲ ರಾತ್ರಿ ಎರಡರ ಕೆಳಗೂ ಮಲಗಿದ, ಎರಡನೆಯ ರಾತ್ರಿ ಎರಡರ ಮೇಲೂ ಮಲಗಿದ. ಉಳಿದ ಹುಡುಗರನ್ನು ನೋಡಿ ಮೂರನೆಯ ರಾತ್ರಿ ನಡುವೆ ಮಲಗಲು ಕಲಿತ. ಸ್ನಾನ, ಹಲ್ಲುಜ್ಜುವ ಬ್ರಷ್ಷು ಎಲ್ಲ ಅಲ್ಲಿಯ ಪಾಠವೇ. 1875ರಲ್ಲಿ ಪದವಿ. ಮಾಲ್ಡನ್ನಿಗೆ ಹಿಂದಿರುಗಿ ಮೇಷ್ಟ್ರಾದ, ಕೆಲಕಾಲ ವಾಷಿಂಗ್ಟನ್ ನಗರದಲ್ಲಿ ಓದಿದ, ಮತ್ತೆ ಹ್ಯಾಂಪ್ಟನ್ನಿಗೆ ಬಂದು ಪಾಠ ಹೇಳಿದ. ಅಷ್ಟರಲ್ಲಿ ಟಸ್ಕೀಗೀಯ ಕಾಗದ ಬಂತು.

ಇಲ್ಲಿಂದ ಮುಂದೆ ಅವರನ್ನು ಏಕವಚನದಲ್ಲಿ ಕರೆಯಲು ಮನಸ್ಸು ಬಾರದು.

ವಾಷಿಂಗ್ಟನ್ ಬಂದಿಳಿದಾಗ ಶಾಲೆಯೇ ಇರಲಿಲ್ಲ. ಕಪ್ಪು ಜನರ ಮೆಥಡಿಸ್ಟ್ ಚರ್ಚೊಂದರ ಪಕ್ಕದ ಮುರುಕಲು ಮನೆಯಲ್ಲಿ 1881ರ ಜುಲೈ 4ರಂದು 30 ವಿದ್ಯಾರ್ಥಿಗಳೊಡನೆ ಪಾಠ ಆರಂಭಿಸಿದರು. ಕೆಲವು ವಿದ್ಯಾರ್ಥಿಗಳ ವಯಸ್ಸು ನಲವತ್ತರ ಹತ್ತಿರ. ಮಳೆ ಬಂದರೆ ಸೂರು ಸೋರುತ್ತಿತ್ತು. ಒಬ್ಬ ಹುಡುಗ ಎದ್ದು ಬಂದು ಮೇಷ್ಟ್ರ ತಲೆಯ ಮೇಲೆ ಕೊಡೆ ಹಿಡಿಯುತ್ತಿದ್ದ, ಪಾಠ ನಡೆಯುತ್ತಿತ್ತು. ನಮ್ಮ ಕನ್ನಡ ಶಾಲೆಗಳು ಎಷ್ಟೋ ಊರುಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲೇ ಕಣ್ಣುಬಿಟ್ಟವು. ನಮ್ಮ ಮೇಲೆ ಸೂರು ಸೋರಲಿಲ್ಲ ಎಂಬುದಷ್ಟೇ ವ್ಯತ್ಯಾಸ ಎಂದರೆ ಅದು ಸುಳ್ಳಾಗುತ್ತದೆ. ವ್ಯತ್ಯಾಸ ಬಹಳ ದೊಡ್ಡದು. ನಾವು ಓದಿ ಮುಗಿಸಿ ಬಂದವರು.

ಊರ ಹೊರಗೆ ಹಾಳುಬಿದ್ದ ನೂರು ಎಕರೆಯ ತೋಟವೊಂದು 500 ಡಾಲರಿಗೆ ಸಿಗುವಂತಿತ್ತು, ಅರ್ಧ ಮುಂಗಡ. ಹ್ಯಾಂಪ್ಟನ್ನಿನ ಖಜಾಂಚಿ ಜನರಲ್ ಮಾರ್ಷಲ್ ತಮ್ಮ ಸ್ವಂತ ಹಣದಿಂದ 250 ಡಾಲರ್ ಸಾಲ ಕೊಟ್ಟರು. ಯಜಮಾನರ ದೊಡ್ಡ ಮನೆ ಎಂದೋ ಸುಟ್ಟುಹೋಗಿತ್ತು. ಉಳಿದದ್ದು ಅಡುಗೆಮನೆ, ಕುದುರೆಲಾಯ, ಕೋಳಿಗೂಡು. ಲಾಯ, ಕೋಳಿಗೂಡು ಎರಡನ್ನೂ ಗುಡಿಸಿ ತೊಳೆದು ತರಗತಿ ಮಾಡಿದರು. ಸಾಲ ತೀರಿಸಿದ ಬಗೆ ನಮ್ಮ ಕೂಟದ ಹೆಂಗಸರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಸಹಶಿಕ್ಷಕಿಯಾಗಿ ಬಂದ ಒಲಿವಿಯಾ ಡೇವಿಡ್‌ಸನ್ ಮನೆಮನೆಗೆ ಹೋಗಿ ಕೇಕು, ಕೋಳಿ, ಬ್ರೆಡ್ಡು ಕೇಳಿ ತಂದು ಊಟದ ಮೇಳಗಳನ್ನು ನಡೆಸಿದರು. ಬಿಳಿಯರ ಮನೆಗಳಿಂದಲೂ ತಿಂಡಿ ಬಂತು. ಎಪ್ಪತ್ತರ ಸುಮಾರಿನ ಒಬ್ಬ ಮುದುಕಿ, ಬಾಳಿನ ಒಳ್ಳೆಯ ದಿನಗಳನ್ನು ಗುಲಾಮಗಿರಿಯಲ್ಲಿ ಕಳೆದವಳು, ಹರಿದ ಆದರೆ ಶುಭ್ರವಾದ ಬಟ್ಟೆಯಲ್ಲಿ ಕೋಲೂರಿಕೊಂಡು ಬಂದು ಆರು ಮೊಟ್ಟೆ ಕೊಟ್ಟು ಹೋದಳು. ಮುಂದೆ ಕಾರ್ನೆಗಿಯಂಥ ಕುಬೇರರು 6 ಲಕ್ಷ ಡಾಲರ್ ಕೊಟ್ಟಾಗಲೂ ವಾಷಿಂಗ್ಟನ್ ಆ ಆರು ಮೊಟ್ಟೆಯನ್ನು ಮರೆಯಲಿಲ್ಲ. ಪುಸ್ತಕದಲ್ಲಿ ಅದಕ್ಕೆ ಜಾಗ ಕೊಟ್ಟರು.

ಇಟ್ಟಿಗೆಯ ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಊರಿನಲ್ಲಿ ಎಲ್ಲೂ ಇಟ್ಟಿಗೆ ಗೂಡು ಇರಲಿಲ್ಲ. ಶಾಲೆಗೂ ಕಟ್ಟಡ ಬೇಕು, ಪೇಟೆಗೂ ಇಟ್ಟಿಗೆ ಬೇಕು. ನಾವೇ ಸುಡೋಣ ಎಂದು ವಾಷಿಂಗ್ಟನ್ ಹೊರಟರು. ಸುಡುವುದು ಯಾರಿಗೂ ಗೊತ್ತಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಮಣ್ಣು ತುಳಿಯುವ ಕೆಲಸ ಎಂದಾಗ ಅನೇಕ ವಿದ್ಯಾರ್ಥಿಗಳು ಮುಖ ಸಿಂಡರಿಸಿದರು. ಕೆಲವರು ಶಾಲೆಯನ್ನೇ ಬಿಟ್ಟರು. ನಾವು ಪುಸ್ತಕ ಓದಲು ಬಂದವರು, ಮಣ್ಣು ಹೊರಲು ಅಲ್ಲ ಎಂಬುದು ಅವರ ವಾದ. ತಪ್ಪೇನೂ ಇಲ್ಲ, ಮಣ್ಣು ಹೊತ್ತು ಸಾಕಾದವರ ಮಕ್ಕಳು ತಾನೆ. 25,000 ಇಟ್ಟಿಗೆಯ ಮೊದಲ ಗೂಡು ಕೆಟ್ಟಿತು. ಎರಡನೆಯದೂ ಕೆಟ್ಟಿತು. ಮೂರನೆಯದು ಒಂದು ವಾರ ಉರಿದು ಇನ್ನೇನು ಆಯಿತು ಎನ್ನುವಾಗ ನಡುರಾತ್ರಿ ಕುಸಿದು ಬಿತ್ತು. ಕೈಯಲ್ಲಿ ಕಾಸಿಲ್ಲ. ವಾಷಿಂಗ್ಟನ್ ಮಾಂಟ್‌ಗಮರಿಗೆ ಹೋಗಿ ತಮ್ಮ ಕೈಗಡಿಯಾರ ಬರುವ ಕಾಲಕ್ಕೂ ಮೊದಲಿನ ಆ ಜೇಬುಗಡಿಯಾರವನ್ನು ಗಿರವಿ ಅಂಗಡಿಯಲ್ಲಿ 15 ಡಾಲರಿಗೆ ಅಡವಿಟ್ಟರು. ನಾಲ್ಕನೆಯ ಗೂಡು ಗೆದ್ದಿತು. ಗಡಿಯಾರವನ್ನು ಬಿಡಿಸಿಕೊಳ್ಳುವ ಅವಧಿ ಅಷ್ಟರಲ್ಲಿ ಮೀರಿಹೋಗಿತ್ತು. 1900ರ ಸುಮಾರಿಗೆ ವಿದ್ಯಾರ್ಥಿಗಳು ಒಂದು ಹಂಗಾಮಿಗೆ 12 ಲಕ್ಷ ಇಟ್ಟಿಗೆ ಸುಡುತ್ತಿದ್ದರು. ಕಪ್ಪು ಜನರ ಓದನ್ನು ಸಹಿಸದ ಬಿಳಿಯರೂ ಆ ಇಟ್ಟಿಗೆಗೆ ಗಿರಾಕಿಗಳಾದರು. ಆಗಿನ 40 ಕಟ್ಟಡಗಳಲ್ಲಿ ನಾಲ್ಕನ್ನು ಬಿಟ್ಟು ಉಳಿದವೆಲ್ಲ ವಿದ್ಯಾರ್ಥಿಗಳ ಕೈಯಿಂದ ಎದ್ದವು. ಅವುಗಳ ನಕ್ಷೆ ತೆಗೆದವರಲ್ಲಿ ಮುಖ್ಯರು ಎಂ.ಐ.ಟಿ.ಯಿಂದ ಪದವಿ ಪಡೆದ ಮೊದಲ ಕಪ್ಪು ವಾಸ್ತುಶಿಲ್ಪಿ ರಾಬರ್ಟ್ ಟೇಲರ್. ನೆಲಗಡಲೆಯ ವಿಜ್ಞಾನಿಯೆಂದು ನಮ್ಮೂರಿನ ಪಾಠಪುಸ್ತಕ ಓದಿದವರಿಗೂ ಪರಿಚಿತರಾದ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1896ರಲ್ಲಿ ಬಂದು ಸೇರಿದರು, ಕೊನೆಯವರೆಗೂ ಅಲ್ಲೇ ಉಳಿದರು.

ಮನೆಯ ಸುಖ ಅವರಿಗೆ ಬಹಳ ಕಾಲ ಒದಗಲಿಲ್ಲ. 1882ರಲ್ಲಿ ಕೈಹಿಡಿದ ಫ್ಯಾನಿ 1884ರಲ್ಲಿ ತೀರಿಕೊಂಡರು, ಒಂದು ಹೆಣ್ಣು ಮಗುವನ್ನು ಬಿಟ್ಟು. ಮರುವರ್ಷ ಒಲಿವಿಯಾ ಡೇವಿಡ್‌ಸನ್ ಅವರನ್ನು ಮದುವೆಯಾದರು. ಶಾಲೆಯ ಅರ್ಧ ಭಾರ ಹೊತ್ತಿದ್ದ ಆಕೆಯೂ 1889ರಲ್ಲಿ ಹೋದರು. ಮೂರನೆಯವರು ಮಾರ್ಗರೆಟ್ ಮರ್ರಿ. ಅವರು ಮಾತ್ರ ಪತಿಯನ್ನು ಮೀರಿ ಬಾಳಿದರು.

ವೈದ್ಯನಾಗಿ ನನ್ನ ಗಮನ ಸೆಳೆದ ಒಂದು ಸಂಗತಿ ಇದೆ. ಶಾಲೆಗೆ ಒಬ್ಬ ವೈದ್ಯರು ಬೇಕೆಂದು ವಾಷಿಂಗ್ಟನ್ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಬರೆದರು. 1891ರಲ್ಲಿ ಅಲ್ಲಿ ಪದವಿ ಪಡೆದ ಹ್ಯಾಲಿ ಟ್ಯಾನರ್ ಡಿಲನ್ ಎಂಬ ಕಪ್ಪು ತರುಣಿ, ಗಂಡನನ್ನು ಕಳೆದುಕೊಂಡ ಒಂದು ಮಗುವಿನ ತಾಯಿ, ವರ್ಷಕ್ಕೆ 600 ಡಾಲರ್ ಸಂಬಳ, ಊಟ, ವಸತಿಗೆ ಒಪ್ಪಿ ಬಂದರು. ಅಲಬಾಮಾದಲ್ಲಿ ವೈದ್ಯ ವೃತ್ತಿಗೆ ರಾಜ್ಯದ ಪರೀಕ್ಷೆ ಪಾಸಾಗಬೇಕಿತ್ತು. ಹತ್ತು ದಿನ ಬರೆಯುವ ಪರೀಕ್ಷೆ. ಮಾಂಟ್‌ಗಮರಿಯಲ್ಲಿ ಆಗಲೇ ನೆಲೆಸಿದ್ದ ಕಪ್ಪು ವೈದ್ಯ ಡಾ. ಡಾರ್ಸೆಟ್ ಅವರ ಬಳಿ ಆಕೆ ಓದಿಕೊಳ್ಳಲು ವಾಷಿಂಗ್ಟನ್ ಏರ್ಪಾಡು ಮಾಡಿದರು. ಆಕೆ ಪಾಸಾದರು, ಆ ರಾಜ್ಯದಲ್ಲಿ ಪರೀಕ್ಷೆ ಗೆದ್ದು ಪರವಾನಗಿ ಪಡೆದ ಮೊದಲ ಮಹಿಳಾ ವೈದ್ಯೆ, ಕಪ್ಪು ಬಿಳಿ ಎರಡೂ ಸೇರಿ, ಆಕೆಯೇ. ರೋಗಿಗಳನ್ನು ನೋಡುವುದು, ಔಷಧಿ ತಾವೇ ಅರೆದು ಕೂಡಿಸುವುದು, ಜೊತೆಗೆ ತರಗತಿಗಳಿಗೆ ಪಾಠ. ವಿದೇಶೀ ಪದವೀಧರರೆಂದು ಇಲ್ಲಿ ಪರೀಕ್ಷೆಯ ಮೇಲೆ ಪರೀಕ್ಷೆ ಬರೆದ ನನ್ನಂಥವರಿಗೆ ಈ ಹತ್ತು ದಿನಗಳ ಕಥೆ ಓದಿ ಎದೆ ತುಂಬಿ ಬರುತ್ತದೆ. 1901ರಲ್ಲಿ ಆಕೆ ಬಾಣಂತಿತನದಲ್ಲಿ ತೀರಿಕೊಂಡರು, 36ರ ವಯಸ್ಸಿನಲ್ಲಿ.

ಇನ್ನು ಕಹಿಯ ಭಾಗಕ್ಕೆ ಬರುತ್ತೇನೆ. 1895ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಾದ ವಸ್ತುಪ್ರದರ್ಶನದಲ್ಲಿ ವಾಷಿಂಗ್ಟನ್ ಮಾಡಿದ ಭಾಷಣ ಅವರನ್ನು ಒಂದೇ ದಿನದಲ್ಲಿ ದೇಶಕ್ಕೆಲ್ಲ ಪರಿಚಯಿಸಿತು. ಕಪ್ಪು ಜನ ಸದ್ಯಕ್ಕೆ ರಾಜಕೀಯ ಹಕ್ಕು, ಸಾಮಾಜಿಕ ಸಮಾನತೆಗಳ ಗಲಾಟೆ ಬಿಟ್ಟು ಕಸುಬು, ಜಮೀನು, ಉಳಿತಾಯಗಳಲ್ಲಿ ತೊಡಗಲಿ. ಬಿಳಿಯರು ಅವರಿಗೆ ದುಡಿಯಲು ಅವಕಾಶ ಕೊಡಲಿ ಎಂಬುದು ಅದರ ತಿರುಳು. ಬಿಳಿಯರ ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪಡೆದ ವಿದ್ವಾಂಸ ಡಬ್ಲ್ಯು. ಇ. ಬಿ. ಡು ಬಾಯ್ಸ್ ಮೊದಲಿಗೆ ಮೆಚ್ಚಿದವರು, 1903ರ ತಮ್ಮ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಇದರ ಖಂಡನೆಗೆ ಮೀಸಲಿಟ್ಟರು. ಓಟು, ಮಾನ, ಉನ್ನತ ಶಿಕ್ಷಣ ಬಿಟ್ಟುಕೊಟ್ಟು ಪಡೆದ ಹೊಲ ಮನೆಗಳನ್ನು ಯಾವುದರಿಂದ ಕಾಪಾಡಿಕೊಳ್ಳುತ್ತೀರಿ ಎಂಬುದು ಅವರ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಅಲಬಾಮಾದಲ್ಲೇ ಬಂತು. 1901ರ ರಾಜ್ಯ ಸಂವಿಧಾನ ಓಟಿಗೆ ಆಸ್ತಿ, ಅಕ್ಷರ, ತೆರಿಗೆಗಳ ಷರತ್ತು ಹಾಕಿತು. ಓಟಿಗೆ ಅರ್ಹರಾಗಿದ್ದ 1 ಲಕ್ಷ 80 ಸಾವಿರ ಕಪ್ಪು ಗಂಡಸರಲ್ಲಿ ಒಂದೆರಡು ವರ್ಷದೊಳಗೆ ಪಟ್ಟಿಯಲ್ಲಿ ಉಳಿದವರು ಸುಮಾರು 3 ಸಾವಿರ. ಯಾವ ಓಟಿನ ಬಲದಿಂದ ಲೂಯಿಸ್ ಆಡಮ್ಸ್ ಶಾಲೆ ತಂದರೋ ಆ ಓಟೇ ಹೋಯಿತು. ಅದೇ ವರ್ಷ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರು ವಾಷಿಂಗ್ಟನ್ ಅವರನ್ನು ಶ್ವೇತಭವನಕ್ಕೆ ಊಟಕ್ಕೆ ಕರೆದರು. ಒಂದೇ ಮೇಜಿನಲ್ಲಿ ಕುಳಿತು ಉಂಡದ್ದಕ್ಕೆ ದಕ್ಷಿಣದ ಪತ್ರಿಕೆಗಳು ಬೆಂಕಿ ಉಗುಳಿದವು. ಪಂಕ್ತಿಭೇದ ಕಂಡ ನಾಡಿನಿಂದ ಬಂದ ನಮಗೆ ಆ ಸಿಟ್ಟಿನ ಜಾತಿ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕಥೆಗೆ ಇನ್ನೊಂದು ಮುಖವಿದೆ. ಅವರ ಕಾಗದಪತ್ರಗಳನ್ನು ಇತಿಹಾಸಕಾರ ಲೂಯಿ ಹಾರ್ಲನ್ ಮತ್ತು ಅವರ ಸಂಗಡಿಗರು 1972ರಿಂದ 1989ರವರೆಗೆ ಹದಿನಾಲ್ಕು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಓಟು ಕಿತ್ತುಕೊಂಡ ಆ ಸಂವಿಧಾನದ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದ ಗೈಲ್ಸ್ ಮೊಕದ್ದಮೆಗಳಿಗೆ ಹಣ ಕೊಟ್ಟವರು ಯಾರು ಗೊತ್ತೇ? ಇದೇ ವಾಷಿಂಗ್ಟನ್. ವಕೀಲರೊಡನೆ ಪತ್ರವ್ಯವಹಾರ ಗುಪ್ತನಾಮಗಳಲ್ಲಿ ನಡೆಯುತ್ತಿತ್ತು. ವೇದಿಕೆಯ ಮೇಲೆ ಹಕ್ಕಿನ ಮಾತೆತ್ತದವರು ಹಿಂಬಾಗಿಲಿನಿಂದ ಹಕ್ಕಿಗಾಗಿ ದುಡ್ಡು ಸುರಿಯುತ್ತಿದ್ದರು. ಅದೇ ಕಾಗದಗಳಿಂದ ಮತ್ತೊಂದೂ ಬಯಲಾಯಿತು: ತಮ್ಮನ್ನು ಟೀಕಿಸುವವರ ಮೇಲೆ ಗೂಢಚಾರರನ್ನು ಬಿಟ್ಟಿದ್ದರು, ಕಪ್ಪು ಪತ್ರಿಕೆಗಳನ್ನು ಹಣದಿಂದ ಹಿಡಿತದಲ್ಲಿಟ್ಟುಕೊಂಡಿದ್ದರು. ಮೊಕದ್ದಮೆಗಳು ಸೋತವು.

ನಾನು ಯಾರ ಪಕ್ಷ? ಪ್ರಾಮಾಣಿಕವಾಗಿ ಹೇಳುವುದಾದರೆ, ಈ ದೇಶಕ್ಕೆ ಬಂದ ಮೇಲೆ ನಮ್ಮಲ್ಲಿ ಬಹುಮಂದಿ ನಡೆದದ್ದು ವಾಷಿಂಗ್ಟನ್ ದಾರಿಯಲ್ಲೇ. ತಲೆ ತಗ್ಗಿಸಿ ದುಡಿ, ಮನೆ ಕೊಳ್ಳು, ಮಕ್ಕಳನ್ನು ಓದಿಸು, ರಾಜಕೀಯದ ಗೊಡವೆ ಬೇಡ. ಅದು ನಮಗೆ ಫಲಿಸಿತು. ಆದರೆ ಫಲಿಸಿದ್ದು ಏಕೆ? ಡು ಬಾಯ್ಸ್ ದಾರಿ ಹಿಡಿದವರು ಬೀದಿಗಿಳಿದು ಹೊಡೆತ ತಿಂದು 1964, 1965ರ ಕಾಯಿದೆಗಳನ್ನು ತಂದರು. ಅದೇ ಗಾಳಿಯಲ್ಲಿ 1965ರ ವಲಸೆ ಕಾಯಿದೆಯೂ ಬಂದು ನಮಗೆ ಬಾಗಿಲು ತೆರೆಯಿತು. ಇದನ್ನು ಮಗಳಿಗೆ ಹೇಳಿದಾಗ ಅವಳು, ಹಾಗಾದರೆ ಪೋಸ್ಟರಿನಲ್ಲಿ ಯಾರು ಸರಿ ಎಂದು ಬರೆಯಲಿ ಎಂದು ಕೇಳಿದಳು. ಇಬ್ಬರ ಚಿತ್ರವನ್ನೂ ಅಂಟಿಸಿದೆವು.

ಭಾರತದಲ್ಲೂ ವಾಷಿಂಗ್ಟನ್ ಹೆಸರು ಬೇಗ ಹಬ್ಬಿತು. ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿ 1903ರಲ್ಲೇ ತಮ್ಮ ಪತ್ರಿಕೆ ಇಂಡಿಯನ್ ಒಪಿನಿಯನ್‌ನಲ್ಲಿ ಅವರ ಬಾಳನ್ನು ಮೆಚ್ಚಿ ಬರೆದರು. ಗಾಂಧೀಜಿಯ ಫೀನಿಕ್ಸ್ ಆಶ್ರಮದ ನೆರೆಯಲ್ಲೇ ಜಾನ್ ದುಬೆ ಎಂಬ ಜುಲು ನಾಯಕರು ಟಸ್ಕೀಗೀಯ ಮಾದರಿಯಲ್ಲಿ ಕಸುಬಿನ ಶಾಲೆ ನಡೆಸುತ್ತಿದ್ದರು.

ವಾಷಿಂಗ್ಟನ್ ಕೊನೆಯ ವರ್ಷಗಳ ದೊಡ್ಡ ಕೆಲಸ ಹಳ್ಳಿ ಶಾಲೆಗಳದು. ಸಿಯರ್ಸ್ ಅಂಗಡಿಗಳ ಒಡೆಯ, ಷಿಕಾಗೋದ ಜೂಲಿಯಸ್ ರೋಸನ್‌ವಾಲ್ಡ್ 1912ರಲ್ಲಿ ಟಸ್ಕೀಗೀಗೆ 25,000 ಡಾಲರ್ ಕೊಟ್ಟರು. ಉಳಿದ ಸ್ವಲ್ಪ ಹಣದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಆರು ಸಣ್ಣ ಶಾಲೆಗಳನ್ನು ಕಟ್ಟಿ ನೋಡೋಣವೇ ಎಂದು ವಾಷಿಂಗ್ಟನ್ ಕೇಳಿದರು. ಷರತ್ತು ಒಂದೇ: ಹಳ್ಳಿಯವರೂ ತಮ್ಮ ಪಾಲು ಹಾಕಬೇಕು, ಹಣವಾಗಲಿ, ಮರವಾಗಲಿ, ಮೈಗೆಲಸವಾಗಲಿ. ಗೇಣಿ ಹೊಲದ ಹತ್ತಿಯಲ್ಲಿ ಅರೆಹೊಟ್ಟೆ ಉಣ್ಣುವ ಜನ ಕೋಳಿ ಮಾರಿ, ಹತ್ತಿಯ ಒಂದು ಪಟ್ಟಿ ಮೀಸಲಿಟ್ಟು ಪಾಲು ಹಾಕಿದರು. ಮೊದಲ ಶಾಲೆ 1913ರಲ್ಲಿ ಪಕ್ಕದ ಲೀ ಕೌಂಟಿಯಲ್ಲಿ ಎದ್ದಿತು. 1932ರ ಹೊತ್ತಿಗೆ ಹದಿನೈದು ರಾಜ್ಯಗಳಲ್ಲಿ ಅಂಥ ಶಾಲೆಗಳು 5,000ಕ್ಕೆ ಹತ್ತಿರವಾಗಿದ್ದವು. ಅವರು ಕಂಡದ್ದು ಆರಂಭವನ್ನು ಮಾತ್ರ.

ದೇಹ ಸೋತಿತ್ತು. ವರ್ಷದಲ್ಲಿ ಅರ್ಧಕಾಲ ರೈಲಿನಲ್ಲಿ, ಭಾಷಣ, ಚಂದಾ, ಮತ್ತೆ ರೈಲು. 1915ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಕುಸಿದರು. ಪರೀಕ್ಷಿಸಿದ ವೈದ್ಯರಲ್ಲೊಬ್ಬರು ಅವರ ಜನಾಂಗದ ಲಕ್ಷಣವೂ ರೋಗಕ್ಕೆ ಕಾರಣವೆಂಬರ್ಥದ ಮಾತನ್ನು ಪತ್ರಿಕೆಗಳಿಗೆ ಹೇಳಿಬಿಟ್ಟರು. ಆ ಕಾಲದಲ್ಲಿ ಅದು ಸಿಫಿಲಿಸ್ ರೋಗಕ್ಕೆ ಮರೆಮಾತು. ಆ ಕಳಂಕ ಸುಮಾರು ತೊಂಬತ್ತು ವರ್ಷ ಅಂಟಿಕೊಂಡಿತ್ತು. 2006ರಲ್ಲಿ ವಂಶಸ್ಥರ ಒಪ್ಪಿಗೆಯೊಡನೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹಳೆಯ ದಾಖಲೆಗಳನ್ನು ಮರಳಿ ನೋಡಿದರು. ಸಿಫಿಲಿಸ್ ಅಲ್ಲ, ರಕ್ತದೊತ್ತಡ 225ಕ್ಕೆ 145, ಅದರಿಂದ ಮೂತ್ರಪಿಂಡಗಳು ಕೆಟ್ಟಿದ್ದವು. ಆಗ ಅದಕ್ಕೆ ಮದ್ದೇ ಇರಲಿಲ್ಲ, ವಿಶ್ರಾಂತಿ ಎಂಬ ಸಲಹೆಯೊಂದನ್ನು ಬಿಟ್ಟು. ಬಿ.ಪಿ. ಇಳಿಸುವ ಸುಲಭದ ಮಾತ್ರೆಗಳು ಬಂದದ್ದು 1950ರ ದಶಕದ ಕೊನೆಗೆ. ನಮ್ಮ ಸಮಾರಂಭಗಳಲ್ಲಿ ಹಪ್ಪಳ ಉಪ್ಪಿನಕಾಯಿಗೆ ಕೈಚಾಚುವ ಎಷ್ಟು ಜನ ಆ ಮಾತ್ರೆಯ ದಯೆಯಿಂದ ಬದುಕಿದ್ದೇವೆ ಎಂದು ನನಗೆ ಗೊತ್ತು.

ಉಳಿಯುವುದಿಲ್ಲ ಎಂದು ತಿಳಿದಾಗ ವಾಷಿಂಗ್ಟನ್ ಆಸ್ಪತ್ರೆಯಲ್ಲಿ ನಿಲ್ಲಲು ಒಪ್ಪಲಿಲ್ಲ. ದಕ್ಷಿಣದಲ್ಲಿ ಹುಟ್ಟಿದ್ದೇನೆ, ಅಲ್ಲೇ ಸಾಯುತ್ತೇನೆ ಎಂಬ ಹಟ. ರೈಲು 13ರ ರಾತ್ರಿ ತಲಪಿತು. 14ರ ಬೆಳಗಿನ ಜಾವ ತಮ್ಮ ಮನೆಯಲ್ಲಿ ಕಣ್ಣುಮುಚ್ಚಿದರು. ವಯಸ್ಸು 59. ಆಗ ಶಾಲೆಯಲ್ಲಿ 1,500 ವಿದ್ಯಾರ್ಥಿಗಳು, ನೂರಕ್ಕೂ ಹೆಚ್ಚು ಕಟ್ಟಡಗಳು, ಸುಮಾರು 20 ಲಕ್ಷ ಡಾಲರ್ ಮೂಲಧನ.

ಊರಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1932ರಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆ ಮೇಕನ್ ಕೌಂಟಿಯ 600 ಬಡ ಕಪ್ಪು ಗಂಡಸರ ಮೇಲೆ ಒಂದು ಅಧ್ಯಯನ ಆರಂಭಿಸಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್. ಕೆಟ್ಟ ರಕ್ತ ಎಂದಷ್ಟೇ ಹೇಳಿ, ಪೆನಿಸಿಲಿನ್ ಬಂದ ಮೇಲೂ ಕೊಡದೆ, ರೋಗ ಬೆಳೆಯುವುದನ್ನು ನಲವತ್ತು ವರ್ಷ ನೋಡುತ್ತ ಕುಳಿತರು. ವಾಷಿಂಗ್ಟನ್ ಕಟ್ಟಿದ ಶಾಲೆಯ ಆಸ್ಪತ್ರೆಯೂ ಅದಕ್ಕೆ ನೆರವಾಯಿತು. 1972ರಲ್ಲಿ ಪತ್ರಿಕೆಗಳು ಬಯಲಿಗೆಳೆದ ಮೇಲೆ ನಿಂತಿತು. ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ. ವಯಸ್ಸಾದ ಕಪ್ಪು ರೋಗಿಗಳು ನಾನು ಬರೆದ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ನಿಜವಾಗಿ ಯಾವುದಕ್ಕೆ ಎಂದು ಕೇಳಿದಾಗ ಮೊದಮೊದಲು ನನಗೆ ಬೇಸರವಾಗುತ್ತಿತ್ತು. ಟಸ್ಕೀಗೀಯ ಚರಿತ್ರೆ ಓದಿದ ಮೇಲೆ ಕುರ್ಚಿ ಎಳೆದುಕೊಂಡು ಕುಳಿತು ಹೇಳುತ್ತೇನೆ.

1957ರಲ್ಲಿ ಊರಿನ ಗಡಿಯನ್ನೇ ಇಪ್ಪತ್ತೆಂಟು ಮೂಲೆಗಳ ವಿಚಿತ್ರ ಆಕಾರಕ್ಕೆ ಕತ್ತರಿಸಿ ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿಯನ್ನು ಬಿಟ್ಟು ಎಲ್ಲರನ್ನೂ ಹೊರಗೆ ಹಾಕಿದರು. ವಾಷಿಂಗ್ಟನ್ ಸಂಸ್ಥೆಯ ಪ್ರಾಧ್ಯಾಪಕ ಚಾರ್ಲ್ಸ್ ಗೊಮಿಲಿಯನ್ ಮೊಕದ್ದಮೆ ಹೂಡಿ 1960ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಈ ಸಲ ಗುಪ್ತನಾಮ ಬೇಕಾಗಲಿಲ್ಲ. 1963ರಲ್ಲಿ ಬಿಳಿಯರದೇ ಆಗಿದ್ದ ಟಸ್ಕೀಗೀ ಹೈಸ್ಕೂಲಿಗೆ 13 ಕಪ್ಪು ಮಕ್ಕಳನ್ನು ಸೇರಿಸಬೇಕೆಂದು ನ್ಯಾಯಾಧೀಶ ಫ್ರಾಂಕ್ ಜಾನ್ಸನ್ ಆಜ್ಞೆ ಮಾಡಿದರು. ಗವರ್ನರ್ ವ್ಯಾಲೇಸ್ ಪೊಲೀಸರನ್ನು ಕಳಿಸಿ ಶಾಲೆಯ ಬಾಗಿಲು ಹಾಕಿಸಿದರು. ವಾರ ಕಳೆದು ಬಾಗಿಲು ತೆರೆದಾಗ ಬಿಳಿಯ ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು; ಅವರಿಗೆಂದು ಖಾಸಗಿ ಶಾಲೆ ಎದ್ದಿತು. ಅದೇ ಮೊಕದ್ದಮೆ ಬೆಳೆದು 1967ರಲ್ಲಿ ಇಡೀ ಅಲಬಾಮಾದ ಶಾಲೆಗಳಿಗೆ ಅನ್ವಯವಾಯಿತು. ಗಡಿಯ ಮೊಕದ್ದಮೆ, ಶಾಲೆಯ ಮೊಕದ್ದಮೆ, ಸಿಫಿಲಿಸ್ ಅಧ್ಯಯನಕ್ಕೆ ಬಲಿಯಾದವರಿಗೆ 1974ರಲ್ಲಿ ಒಂದು ಕೋಟಿ ಡಾಲರ್ ಪರಿಹಾರ ಕೊಡಿಸಿದ ಮೊಕದ್ದಮೆ, ಮೂರರಲ್ಲೂ ವಾದಿಸಿದ ವಕೀಲರು ಒಬ್ಬರೇ, ಫ್ರೆಡ್ ಗ್ರೇ.

ವಾಷಿಂಗ್ಟನ್ ಸಮಾಧಿ ಸಂಸ್ಥೆಯ ಆವರಣದಲ್ಲೇ ಇದೆ. ಸ್ವಲ್ಪ ದೂರದಲ್ಲಿ, 1922ರಲ್ಲಿ ನಿಲ್ಲಿಸಿದ ಅವರ ಕಂಚಿನ ಪ್ರತಿಮೆ: ಕುಳಿತ ಯುವಕನೊಬ್ಬನ ಮೇಲಿನ ಮುಸುಕನ್ನು ಕೈಯಲ್ಲಿ ಹಿಡಿದು ನಿಂತಿದ್ದಾರೆ. ಮುಸುಕನ್ನು ಎತ್ತುತ್ತಿದ್ದಾರೋ ಹೊದಿಸುತ್ತಿದ್ದಾರೋ ಎಂದು ಅಲ್ಲಿ ಓದಿದವರೂ ವಾದ ಮಾಡಿದ್ದುಂಟು. ಮುಂದಿನ ಸಲ ಆ ಹೆದ್ದಾರಿಯಲ್ಲಿ ಹೋಗುವವರು ಒಂದು ಗಂಟೆ ಬಿಡುವು ಮಾಡಿಕೊಂಡು ಮಕ್ಕಳೊಡನೆ ಇಳಿದು ನೋಡಿ ಬನ್ನಿ. ಅವರು ಬಾಳಿದ ಮನೆ ಓಕ್ಸ್ ಅಲ್ಲೇ ಇದೆ. ಅದರ ಗೋಡೆಗಳೂ ವಿದ್ಯಾರ್ಥಿಗಳು ಸುಟ್ಟ ಇಟ್ಟಿಗೆಯವೇ.